ಥೇಮ್ಸ್ ನದಿಯ ಮೇಲಿದ್ದ ಸಿಡುಬಿನ ಆಸ್ಪತ್ರೆ: ಲಾಂಗ್ ರೀಚ್ ಹಡಗುಗಳಿಂದ ಜಾಯ್ಸ್ ಗ್ರೀನ್‌ವರೆಗೆ

1884ರಿಂದ ಮುಂದೆ ಹತ್ತಿರ ಹತ್ತಿರ 20 ವರ್ಷ ಲಂಡನ್ ನಗರ ತನ್ನ ಸಿಡುಬು ರೋಗಿಗಳನ್ನು ಹಡಗುಗಳಲ್ಲಿ ಇಟ್ಟಿತ್ತು. ಲಂಡನ್ ಸೇತುವೆಯಿಂದ ಥೇಮ್ಸ್ ನದಿಯಲ್ಲಿ 17 ಮೈಲಿ ಕೆಳಕ್ಕೆ ಹೋದರೆ ಡಾರ್ಟ್‌ಫರ್ಡ್ ಊರಿನ ಹತ್ತಿರ ಲಾಂಗ್ ರೀಚ್ ಅಂತ ಒಂದು ಜಾಗ ಸಿಗುತ್ತದೆ. ಸುತ್ತ ಜೌಗು ನೆಲ, ಆಗ ಅಲ್ಲಿ ಮನೆಗಳೇ ಇರಲಿಲ್ಲ. ಅಲ್ಲಿ ಮೂರು ಹಳೇ ಹಡಗುಗಳನ್ನು ಸಾಲಾಗಿ ಲಂಗರು ಹಾಕಿ ನಿಲ್ಲಿಸಿ, ಒಂದರಿಂದ ಇನ್ನೊಂದಕ್ಕೆ ಓಡಾಡಲು ಹಲಗೆ ಸೇತುವೆ ಹಾಕಿ, ಅದನ್ನೇ ಆಸ್ಪತ್ರೆ ಮಾಡಿದ್ದರು.

ಇದನ್ನು ಓದಿದ ಕೂಡಲೇ ಯಾರಿಗಾದರೂ ಬರುವ ಪ್ರಶ್ನೆ ಒಂದೇ. ಅಷ್ಟು ದೊಡ್ಡ, ಅಷ್ಟು ದುಡ್ಡಿದ್ದ ನಗರಕ್ಕೆ ನೆಲದ ಮೇಲೆ ಒಂದು ಆಸ್ಪತ್ರೆಗೆ ಜಾಗ ಸಿಗಲಿಲ್ಲವಾ? ಸಿಗಲಿಲ್ಲ. ಯಾಕೆ ಸಿಗಲಿಲ್ಲ, ಆಮೇಲೆ ಏನು ಮಾಡಿದರು ಅನ್ನುವುದೇ ಈ ಪ್ರಕರಣ. ನಾನು ಇದನ್ನು ಆರಿಸಿಕೊಂಡದ್ದು ಹಡಗುಗಳ ಆಕರ್ಷಣೆಗಲ್ಲ. ಅಂಟುರೋಗದ ಆಸ್ಪತ್ರೆಯನ್ನು ಊರಾಚೆ ಇಡಿ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಆ ದೂರವನ್ನು ದಾಟಬೇಕಾದವರು ಮೈತುಂಬಾ ಬೊಕ್ಕೆ ಎದ್ದಿರುವ ರೋಗಿಗಳು. ಲಂಡನ್‌ನವರು ಆ ದಾರಿಯನ್ನೂ ಆಸ್ಪತ್ರೆಯ ಭಾಗ ಅಂತ ಲೆಕ್ಕ ಹಿಡಿದರು. ನನ್ನ ಮಟ್ಟಿಗೆ ಈ ಪ್ರಕರಣದಲ್ಲಿ ಕಲಿಯಬೇಕಾದದ್ದು ಅದೇ.

ಮೊದಲು ಹ್ಯಾಂಪ್‌ಸ್ಟೆಡ್ ಜಗಳ

1860ರ ದಶಕದವರೆಗೆ ಲಂಡನ್‌ನಲ್ಲಿ ಸಾಮಾನ್ಯ ಆಸ್ಪತ್ರೆಗಳು ಸಿಡುಬಿನವರನ್ನು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ದಾನದ ದುಡ್ಡಿನಲ್ಲಿ ನಡೆಯುವ ಒಂದೆರಡು ಪ್ರತ್ಯೇಕ ಆಸ್ಪತ್ರೆಗಳಿದ್ದವು, ಅವು ಏನೇನೂ ಸಾಲುತ್ತಿರಲಿಲ್ಲ. ಬಡವರಿಗೆ ಉಳಿದದ್ದು ವರ್ಕ್‌ಹೌಸ್ ಎಂಬ, ಗತಿಯಿಲ್ಲದವರನ್ನು ಇಡುವ ಜಾಗದ ರೋಗಿಗಳ ಕೋಣೆ. ಅಲ್ಲಿ ವಯಸ್ಸಾದವರು, ಬಾಣಂತಿಯರು, ಜ್ವರದವರು ಎಲ್ಲಾ ಒಟ್ಟಿಗೆ. ಅಲ್ಲಿನ ಸ್ಥಿತಿ ಬಯಲಿಗೆ ಬಂದು ಗಲಾಟೆಯಾದ ಮೇಲೆ 1867ರಲ್ಲಿ ಪಾರ್ಲಿಮೆಂಟು ಒಂದು ಕಾನೂನು ತಂದಿತು. ಅದರಿಂದ ಮೆಟ್ರೊಪಾಲಿಟನ್ ಅಸೈಲಮ್ಸ್ ಬೋರ್ಡ್ ಎಂಬ ಮಂಡಳಿ ಹುಟ್ಟಿತು. ಇಡೀ ಲಂಡನ್‌ಗೆ ಒಂದೇ ಮಂಡಳಿ, ಖರ್ಚು ನಗರದ ಎಲ್ಲಾ ಪ್ಯಾರಿಷ್‌ಗಳ, ಅಂದರೆ ಸ್ಥಳೀಯ ಆಡಳಿತ ವಿಭಾಗಗಳ, ತೆರಿಗೆಯಿಂದ. ಶ್ರೀಮಂತ ಬಡಾವಣೆಯ ದುಡ್ಡು ಬಡ ಬಡಾವಣೆಯ ರೋಗಿಗೂ ಸಿಗುವ ಹಾಗಾಯಿತು. ಆ ಕಾಲಕ್ಕೆ ಇದು ಸಣ್ಣ ವಿಷಯ ಅಲ್ಲ.

ಮಂಡಳಿ ಹ್ಯಾಂಪ್‌ಸ್ಟೆಡ್‌ನಲ್ಲಿ ಜಾಗ ಕೊಂಡು, ಮರ ಮತ್ತು ತಗಡಿನ ತಾತ್ಕಾಲಿಕ ಶೆಡ್ಡುಗಳನ್ನು ಹಾಕಿ, 1870ರ ಜನವರಿಯಲ್ಲಿ ಮರುಕಳಿಸುವ ಜ್ವರದ ರೋಗಿಗಳನ್ನು ಸೇರಿಸಿಕೊಂಡಿತು. ಅದೇ ವರ್ಷದ ಕೊನೆಗೆ ಸಿಡುಬು ಬಂತು. ಬಂದದ್ದು ಸುಮ್ನೆ ಅಲ್ಲ, ಆ ಶತಮಾನದ ಯುರೋಪಿನ ಅತಿ ದೊಡ್ಡ ಸಿಡುಬಿನ ಅಲೆ ಅದು. 1871ರ ಒಂದೇ ವರ್ಷದಲ್ಲಿ ಲಂಡನ್‌ನಲ್ಲಿ 7,000ಕ್ಕೂ ಜಾಸ್ತಿ ಜನ ಸತ್ತರು. ಹ್ಯಾಂಪ್‌ಸ್ಟೆಡ್ ಶೆಡ್ಡುಗಳು ಸಿಡುಬಿನ ಆಸ್ಪತ್ರೆಯಾದವು. ಸ್ಟಾಕ್‌ವೆಲ್, ಹೊಮರ್ಟನ್ ಆಸ್ಪತ್ರೆಗಳನ್ನು ಅವಸರದಲ್ಲಿ ತೆರೆದರು.

ಹ್ಯಾಂಪ್‌ಸ್ಟೆಡ್ ಗುಡ್ಡದ ಮೇಲಿನ ಅನುಕೂಲಸ್ಥರ ಬಡಾವಣೆ. ಅಲ್ಲಿನ ಜನ ಎದ್ದು ನಿಂತರು. ಮುಂದಾಳು ಯಾರು ಗೊತ್ತಾ, ಸರ್ ರೋಲಂಡ್ ಹಿಲ್. 1840ರಲ್ಲಿ ಒಂದು ಪೆನ್ನಿಯ ಅಂಚೆ ತಂದು ಬಡವರೂ ಕಾಗದ ಬರೆಯುವ ಹಾಗೆ ಮಾಡಿದ ಮನುಷ್ಯ. ಅವರ ಮನೆ ಆಸ್ಪತ್ರೆಯ ಪಕ್ಕದಲ್ಲೇ ಇತ್ತು. ನೆರೆಯವರು ಮಂಡಳಿಯ ಮೇಲೆ ಕೇಸು ಹಾಕಿದರು. ಅದು ವರ್ಷಗಟ್ಟಲೆ ಎಳೆಯಿತು. ಹಿಲ್ 1879ರಲ್ಲಿ ತೀರಿಕೊಂಡರೂ ಕೇಸು ನಿಲ್ಲಲಿಲ್ಲ. 1881ರಲ್ಲಿ, ಆಗ ದೇಶದ ಅತ್ಯುನ್ನತ ಕೋರ್ಟೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಮಂಡಳಿಯ ವಿರುದ್ಧ ತೀರ್ಪು ಕೊಟ್ಟಿತು. ಆಸ್ಪತ್ರೆ ಕಟ್ಟಲು ಕಾನೂನು ಅನುಮತಿ ಕೊಟ್ಟಿದೆ ಸರಿ, ಆದರೆ ನೆರೆಯವರಿಗೆ ಉಪದ್ರವ ಮಾಡಿ ಕಟ್ಟಿ ಅಂತ ಎಲ್ಲೂ ಹೇಳಿಲ್ಲ, ಎಲ್ಲಿ ಕಟ್ಟಬೇಕು ಅನ್ನುವುದು ನಿಮಗೇ ಬಿಟ್ಟಿದ್ದು, ಹಾಗಾಗಿ ಉಪದ್ರವ ಆದರೆ ಜವಾಬ್ದಾರಿಯೂ ನಿಮ್ಮದೇ ಅನ್ನುವುದು ತೀರ್ಪಿನ ತಿರುಳು. ಇಂಗ್ಲಿಷ್ ಕಾನೂನು ಓದುವವರು ಇವತ್ತಿಗೂ ಈ ಕೇಸನ್ನು ಓದುತ್ತಾರೆ.

ಈ ಕಥೆ ಹೇಳುವಾಗ ನೆರೆಯವರನ್ನು ಬರೀ ಸ್ವಾರ್ಥಿಗಳು ಅಂತ ಬೈದು ಮುಗಿಸುವುದು ಸುಲಭ. ನನಗೆ ಅದು ನ್ಯಾಯ ಅನ್ನಿಸುವುದಿಲ್ಲ. ಆಗ ರೋಗಿಗಳನ್ನು ಕರೆತರುತ್ತಿದ್ದ ರೀತಿ ನೋಡಿ. ಬಾಡಿಗೆ ಕುದುರೆ ಗಾಡಿಯಲ್ಲಿ ರೋಗಿ ಬರುತ್ತಿದ್ದ, ಇಳಿದ ಮೇಲೆ ಅದೇ ಗಾಡಿಗೆ ಬೇರೆ ಯಾರೋ ಹತ್ತುತ್ತಿದ್ದರು. ನೋಡಲು ಬಂದ ನೆಂಟರು ವಾರ್ಡಿನಿಂದ ಹೊರಗೆ ಬಂದು ಸೀದಾ ಊರಿನೊಳಗೆ ನಡೆಯುತ್ತಿದ್ದರು. ಭಯಕ್ಕೆ ಕಾರಣ ಇತ್ತು. ಆದರೆ ಆ ಭಯಕ್ಕೆ ಕೋರ್ಟು ಕೊಟ್ಟ ಉತ್ತರದಿಂದ ಒಬ್ಬ ರೋಗಿಗೂ ಹಾಸಿಗೆ ಸಿಗಲಿಲ್ಲ, ಇದ್ದ ಹಾಸಿಗೆ ಹೋಯಿತು. ಅದೂ ಎಂಥ ಹೊತ್ತಿನಲ್ಲಿ? 1881ರಲ್ಲಿ ಸಿಡುಬು ಮತ್ತೆ ಏರುತ್ತಿದ್ದಾಗ.

ಗಾಳಿಯ ಪ್ರಶ್ನೆ

ಇದೇ ಹೊತ್ತಿಗೆ ಫುಲ್‌ಹ್ಯಾಮ್‌ನಲ್ಲಿದ್ದ ಮಂಡಳಿಯ ಇನ್ನೊಂದು ಆಸ್ಪತ್ರೆಯ ಸುತ್ತ ಡಾಕ್ಟರ್ ಡಬ್ಲ್ಯು. ಎಚ್. ಪವರ್ ಎಂಬ ಸರ್ಕಾರಿ ವೈದ್ಯಾಧಿಕಾರಿ ಒಂದು ಲೆಕ್ಕ ತೆಗೆದರು. ಆಸ್ಪತ್ರೆಯನ್ನು ನಡುವೆ ಇಟ್ಟುಕೊಂಡು ನಕ್ಷೆಯ ಮೇಲೆ ಕಾಲು ಕಾಲು ಮೈಲಿಗೆ ಒಂದು ಉಂಗುರ ಎಳೆದು, ಒಂದೊಂದು ಉಂಗುರದಲ್ಲೂ ನೂರು ಮನೆಗೆ ಎಷ್ಟು ಮನೆಯಲ್ಲಿ ಸಿಡುಬು ಅಂತ ಎಣಿಸಿದರು. ಹತ್ತಿರ ಇದ್ದಷ್ಟೂ ಜಾಸ್ತಿ, ದೂರ ಹೋದಷ್ಟೂ ಕಡಿಮೆ. ಜನರ ಓಡಾಟದಿಂದ ಮಾತ್ರ ಇದನ್ನು ವಿವರಿಸಲು ಆಗುವುದಿಲ್ಲ, ರೋಗ ಗಾಳಿಯಲ್ಲಿ ಹೋಗುತ್ತಿರಬೇಕು ಅನ್ನುವುದು ಪವರ್ ಅವರ ವಾದ. ಇದಕ್ಕೆ ವಿರೋಧ ಬಹಳ ಬಂತು. ಆಸ್ಪತ್ರೆಯ ಬಾಗಿಲಿಗೆ ಬರುವ ಗಾಡಿಗಳು, ಕೆಲಸದವರು, ಸಾಮಾನು ತರುವವರು ಎಲ್ಲಾ ಹತ್ತಿರದ ಬೀದಿಗಳಲ್ಲೇ ಜಾಸ್ತಿ ಓಡಾಡುತ್ತಾರೆ, ಅಷ್ಟೇ ಸಾಕು ಅಂತ ಇನ್ನೊಂದು ಪಕ್ಷ.

ಯಾರು ಸರಿ? ಮುಂದೆ ನಡೆದ ಒಂದು ಘಟನೆಯನ್ನು ಇಲ್ಲಿ ಹೇಳಲೇಬೇಕು. 1970ರಲ್ಲಿ ಪಶ್ಚಿಮ ಜರ್ಮನಿಯ ಮೆಷೆಡೆ ಎಂಬ ಊರಿನ ಆಸ್ಪತ್ರೆಯಲ್ಲಿ, ಪಾಕಿಸ್ತಾನದಿಂದ ಬಂದ ಒಬ್ಬ ರೋಗಿಗೆ ಸಿಡುಬು ಅಂತ ಗೊತ್ತಾಯಿತು. ಅವನು ಇದ್ದದ್ದು ಪ್ರತ್ಯೇಕ ಕೋಣೆಯಲ್ಲಿ, ಹೊರಗೆ ಬಂದಿರಲಿಲ್ಲ. ಆದರೂ ಅದೇ ಕಟ್ಟಡದ ಬೇರೆ ಮಹಡಿಗಳಲ್ಲಿ ಇದ್ದವರೂ ಸೇರಿ ಹತ್ತಕ್ಕೂ ಹೆಚ್ಚು ಜನರಿಗೆ ಅಂಟಿತು. ಆಮೇಲೆ ಅದೇ ಕೋಣೆಯಲ್ಲಿ ಹೊಗೆ ಹಾಕಿ ನೋಡಿದರೆ, ಹೊಗೆ ಸರಿಯಾಗಿ ರೋಗ ಹೋದ ದಾರಿಯಲ್ಲೇ ಹೋಯಿತು. ಅಂದರೆ ಸಿಡುಬು ಗಾಳಿಯಲ್ಲಿ ಹೋಗಬಲ್ಲದು, ಕಟ್ಟಡದ ಒಳಗಂತೂ ಖಂಡಿತ. ಆದರೆ ಮೈಲಿಗಟ್ಟಲೆ ಹೋಗುತ್ತದೆ ಅನ್ನಲು ಇದು ಸಾಲದು. ಪವರ್ ಹಾಕಿದ ಪ್ರಶ್ನೆ ಸರಿಯಾಗಿತ್ತು ಅಂತ ಮಾತ್ರ ನಾನು ಹೇಳುತ್ತೇನೆ.

ಗಾಳಿಯ ಪ್ರಶ್ನೆಗೆ ಆಗಿನವರಿಗೆ ಗೊತ್ತಿದ್ದ ಪರಿಹಾರ ದೂರ ಒಂದೇ. ಇವತ್ತು ಬೇರೆ ಪರಿಹಾರ ಇದೆ, ಕೋಣೆಯ ಗಾಳಿ ಹೊರಗೆ ಸೋರದ ಹಾಗೆ ಒತ್ತಡ ಕಡಿಮೆ ಇಟ್ಟು, ಹೊರಗೆ ಬಿಡುವ ಗಾಳಿಯನ್ನು ಶೋಧಿಸಿ ಬಿಡುತ್ತಾರೆ. ಹ್ಯಾಂಪ್‌ಸ್ಟೆಡ್‌ನ ಆ ಶೆಡ್ಡುಗಳಿದ್ದ ಜಾಗದಲ್ಲಿ ಈಗ ರಾಯಲ್ ಫ್ರೀ ಆಸ್ಪತ್ರೆ ಇದೆ. 2014ರಲ್ಲಿ ಬ್ರಿಟನ್‌ನ ಎಬೋಲಾ ರೋಗಿಗಳನ್ನು ಇಟ್ಟುಕೊಂಡು ನೋಡಿಕೊಂಡದ್ದು ಅಲ್ಲಿನ ಉನ್ನತ ಪ್ರತ್ಯೇಕತಾ ಘಟಕದಲ್ಲೇ. ಸುತ್ತ ಮನೆಗಳಿವೆ, ಬಸ್ಸುಗಳು ಓಡಾಡುತ್ತವೆ.

ಹಡಗುಗಳು

ಕೋರ್ಟಿನಲ್ಲಿ ಸೋತ ಮಂಡಳಿ 1881ರಲ್ಲೇ ನೌಕಾಪಡೆಯ ಹತ್ತಿರ ಹೋಯಿತು. ಎರಡು ಮರದ ಯುದ್ಧ ಹಡಗುಗಳು ಸಿಕ್ಕವು. ಅಟ್ಲಾಸ್ 91 ಫಿರಂಗಿಗಳಿಗೆ ಅಂತ ಕಟ್ಟಿ 1860ರಲ್ಲಿ ನೀರಿಗಿಳಿಸಿದ್ದು, ಅಷ್ಟರಲ್ಲಿ ಕಬ್ಬಿಣದ ಹಡಗುಗಳು ಬಂದುಬಿಟ್ಟಿದ್ದವು. ಎಂಡಿಮಿಯನ್ 1865ರ ಫ್ರಿಗೇಟ್. ಮೊದಲು ಇವನ್ನು ಗ್ರೀನಿಚ್ ಹತ್ತಿರ ನಿಲ್ಲಿಸಿದರು. ಆದರೆ ಅದೂ ಊರ ಮಧ್ಯವೇ. ಅಷ್ಟರಲ್ಲಿ ಸಿಡುಬು ಮತ್ತು ಜ್ವರದ ಆಸ್ಪತ್ರೆಗಳ ಬಗ್ಗೆ ಸರ್ಕಾರ ನೇಮಿಸಿದ್ದ ರಾಯಲ್ ಕಮಿಷನ್ 1882ರಲ್ಲಿ ವರದಿ ಕೊಟ್ಟಿತು. ಸಿಡುಬಿನವರನ್ನು ನದಿಯ ಮೇಲೆ ಅಥವಾ ಊರಿನಿಂದ ದೂರ ಇಡಿ ಅಂತ ಅದರ ಸಲಹೆ. ಹಾಗಾಗಿ ಹಡಗುಗಳನ್ನು ಲಾಂಗ್ ರೀಚ್‌ಗೆ ಎಳೆದುಕೊಂಡು ಹೋದರು.

ಮೂರನೆಯದು ಕಾಸ್ಟೇಲಿಯಾ. ಇದರ ಕಥೆ ಬೇರೆ. ಇಂಗ್ಲಿಷ್ ಕಡಲ್ಗಾಲುವೆ ದಾಟುವಾಗ ಪ್ರಯಾಣಿಕರಿಗೆ ವಾಂತಿ ಬರಬಾರದು ಅಂತ ಎರಡು ಒಡಲುಗಳನ್ನು ಜೋಡಿಸಿ 1874ರಲ್ಲಿ ಕಟ್ಟಿದ ಹಡಗು. ಹೊಯ್ದಾಟ ಕಡಿಮೆಯೇ ಇತ್ತು, ಆದರೆ ತೀರಾ ನಿಧಾನ, ವ್ಯಾಪಾರ ಆಗಲಿಲ್ಲ. ಮಂಡಳಿ ಅದನ್ನು ಕೊಂಡು, ಯಂತ್ರ ಕಿತ್ತು, ಅಗಲವಾದ ಡೆಕ್ಕಿನ ಮೇಲೆ ಐದು ವಾರ್ಡುಗಳನ್ನು ಓರೆಯಾಗಿ ಒಂದರ ಹಿಂದೊಂದು ಕಟ್ಟಿಸಿತು. ಓರೆ ಇಟ್ಟದ್ದು ಒಂದೊಂದು ವಾರ್ಡಿಗೂ ಗಾಳಿ ಬೆಳಕು ಆಡಲಿ ಅಂತ. ಮೂರರಲ್ಲಿ ಆಸ್ಪತ್ರೆ ಅನ್ನಿಸಿಕೊಳ್ಳುವ ಹಾಗಿದ್ದದ್ದು ಇದೇ. ಎಂಡಿಮಿಯನ್‌ನಲ್ಲಿ ಕಚೇರಿ ಮತ್ತು ಅಡುಗೆಮನೆ, ಅಟ್ಲಾಸ್ ಮತ್ತು ಕಾಸ್ಟೇಲಿಯಾದಲ್ಲಿ ರೋಗಿಗಳು. ಬಟ್ಟೆ ಒಗೆಯುವ ವ್ಯವಸ್ಥೆ ದಡದ ಮೇಲೆ.

ಫಿರಂಗಿ ಇಡಲು ಕಟ್ಟಿದ ಹಡಗು ವಾರ್ಡಿಗೆ ಹೊಂದುವುದಿಲ್ಲ. ಚಾವಣಿ ತಗ್ಗು. ಬೇಸಿಗೆಯಲ್ಲಿ ಸೆಕೆ, ಚಳಿಗಾಲದಲ್ಲಿ ನದಿಯ ಮಂಜು ಮತ್ತು ಶೀತ. ಮರದ ಹಡಗಿನಲ್ಲಿ ಒಲೆ ಉರಿಸಬೇಕು, ಬೆಂಕಿಯ ಭಯ ಸದಾ ಇದ್ದದ್ದೇ. ಲಂಡನ್ ಬಂದರಿಗೆ ಹೋಗುವ ಸ್ಟೀಮರುಗಳೆಲ್ಲಾ ಪಕ್ಕದಲ್ಲೇ ಹಾದುಹೋಗುತ್ತಿದ್ದವು, ದಟ್ಟ ಮಂಜಿನ ದಿನ ಢಿಕ್ಕಿಯ ಭಯ. ಜ್ವರದ ಸನ್ನಿಯಲ್ಲಿ ಎದ್ದು ಓಡುವ ರೋಗಿಗೆ ಸುತ್ತ ನೀರು. ಹೆಚ್ಚು ರೋಗಿಗಳು ಬಂದರೆ ಹಡಗನ್ನು ದೊಡ್ಡದು ಮಾಡಲು ಆಗುವುದಿಲ್ಲ, ನೆಲದ ಮೇಲಾದರೆ ಇನ್ನೊಂದು ಶೆಡ್ಡು ಹಾಕಬಹುದಿತ್ತು. 1884-85ರ ಅಲೆಯಲ್ಲಿ ಸರಿಯಾಗಿ ಇದೇ ತೊಂದರೆ ಬಂದು, ಚೇತರಿಸಿಕೊಳ್ಳುತ್ತಿದ್ದವರನ್ನು ಡಾರೆಂತ್ ಹತ್ತಿರದ ಗೋರ್ ಫಾರ್ಮ್‌ನಲ್ಲಿ ಡೇರೆ ಹಾಕಿ ಇಟ್ಟರು. ಹಡಗು ತೀರಾ ಹುಷಾರಿಲ್ಲದವರಿಗೆ, ಡೇರೆ ಗುಣವಾಗುತ್ತಿರುವವರಿಗೆ ಅನ್ನುವ ಹಂಚಿಕೆ ಹಾಗೆ ಶುರುವಾಯಿತು.

ನದಿಯ ಆಂಬುಲೆನ್ಸ್

ಈಗ ನಾನು ಮುಖ್ಯ ಅಂದ ವಿಷಯಕ್ಕೆ ಬರುತ್ತೇನೆ. 17 ಮೈಲಿ ದೂರದ ಆಸ್ಪತ್ರೆಗೆ ರೋಗಿ ಹೇಗೆ ಬರಬೇಕು? ರೈಲಿನಲ್ಲಿ ಆಗದು, ಬಾಡಿಗೆ ಗಾಡಿಯಲ್ಲಿ ಆಗಬಾರದು. ಮಂಡಳಿ ತನ್ನದೇ ಕುದುರೆ ಆಂಬುಲೆನ್ಸ್ ಗಾಡಿಗಳನ್ನು ಮಾಡಿಕೊಂಡಿತು. ನದಿ ದಡದಲ್ಲಿ ತನ್ನದೇ ಮೂರು ದಕ್ಕೆಗಳನ್ನು ಇಟ್ಟುಕೊಂಡಿತು. ರಾದರ್‌ಹೈತ್‌ನಲ್ಲಿ ದಕ್ಷಿಣ ದಕ್ಕೆ, ಬ್ಲ್ಯಾಕ್‌ವಾಲ್‌ನಲ್ಲಿ ಉತ್ತರ ದಕ್ಕೆ, ಫುಲ್‌ಹ್ಯಾಮ್‌ನಲ್ಲಿ ಪಶ್ಚಿಮ ದಕ್ಕೆ. ಅಲ್ಲಿಂದ ಲಾಂಗ್ ರೀಚ್‌ಗೆ ತನ್ನದೇ ಆಂಬುಲೆನ್ಸ್ ಸ್ಟೀಮರುಗಳು. ಮೊದಲನೆಯದರ ಹೆಸರು ರೆಡ್ ಕ್ರಾಸ್, ಆಮೇಲೆ ಆಲ್ಬರ್ಟ್ ವಿಕ್ಟರ್, ಮಾಲ್ಟೀಸ್ ಕ್ರಾಸ್, ಜಿನೀವಾ ಕ್ರಾಸ್ ಬಂದವು. ಮನೆ ಬಾಗಿಲಿನಿಂದ ವಾರ್ಡಿನ ಹಾಸಿಗೆಯವರೆಗೆ ರೋಗಿ ಒಂದೇ ಮಂಡಳಿಯ ಕೈಯಲ್ಲಿ, ನರ್ಸ್ ಜೊತೆಯಲ್ಲಿ. ಮಲಗಿ ಬರುವವರಿಗೆ ಸ್ಟೀಮರಿನಲ್ಲೇ ಹಾಸಿಗೆ.

ದಕ್ಷಿಣ ದಕ್ಕೆಯಲ್ಲಿ ಇನ್ನೊಂದು ಬುದ್ಧಿವಂತಿಕೆ ಇತ್ತು. ಸ್ಟೀಮರ್ ಹತ್ತುವ ಮೊದಲು ಡಾಕ್ಟರು ಒಬ್ಬೊಬ್ಬರನ್ನೂ ಮತ್ತೆ ಪರೀಕ್ಷೆ ಮಾಡುತ್ತಿದ್ದರು. ಸಿಡುಬಿನ ಮೊದಲ ದಿನಗಳಲ್ಲಿ ಅದನ್ನು ಗುರುತಿಸುವುದು ಕಷ್ಟ. ಸೀತಾಳೆ ಸಿಡುಬು, ದಡಾರ, ಬರೀ ಚರ್ಮದ ಗುಳ್ಳೆ ಇದ್ದವರನ್ನೂ ಸಿಡುಬು ಅಂತ ಬರೆದು ಕಳಿಸಿಬಿಡುತ್ತಿದ್ದರು. ಹಾಗೆ ತಪ್ಪಾಗಿ ಬಂದ ಮಗುವನ್ನು ಸಿಡುಬಿನ ವಾರ್ಡಿಗೆ ಹಾಕಿದರೆ ಏನಾಗುತ್ತದೆ ಯೋಚಿಸಿ, ಇಲ್ಲದ ರೋಗವನ್ನು ಆಸ್ಪತ್ರೆಯೇ ಅಂಟಿಸಿದ ಹಾಗೆ. ಅನುಮಾನ ಇದ್ದವರನ್ನು ದಕ್ಕೆಯ ಪಕ್ಕದ ಪ್ರತ್ಯೇಕ ಕೋಣೆಗಳಲ್ಲಿ ಇಟ್ಟುಕೊಂಡು ಒಂದೆರಡು ದಿನ ನೋಡಿ ನಿರ್ಧಾರ ಮಾಡುತ್ತಿದ್ದರು. ಇಂಥ ಒಂದು ತಡೆ ಇಲ್ಲದಿದ್ದರೆ ಪ್ರತ್ಯೇಕ ಆಸ್ಪತ್ರೆ ಅನ್ನುವ ವ್ಯವಸ್ಥೆಯೇ ಅಪಾಯ. ಇಡೀ ಪ್ರಕರಣದಲ್ಲಿ ನನಗೆ ಅತಿ ಹೆಚ್ಚು ಗೌರವ ಬಂದದ್ದು ಈ ಸಣ್ಣ ಕೋಣೆಗಳ ಮೇಲೆ.

ರೋಗಿ ಬರಲು ಒಪ್ಪಬೇಕಲ್ವಾ, ಅದಕ್ಕೂ ಕಾನೂನು ಬದಲಾಯಿತು. ಮಂಡಳಿ ಹುಟ್ಟಿದ್ದು ಬಡವರ ಪರಿಹಾರದ ಕಾನೂನಿನ ಅಡಿಯಲ್ಲಿ. ಆ ಪರಿಹಾರ ತೆಗೆದುಕೊಂಡವನಿಗೆ ಮತ ಹಾಕುವ ಹಕ್ಕು ಹೋಗುತ್ತಿತ್ತು. ದುಡಿದು ತಿನ್ನುವ ಮನುಷ್ಯ ಸಿಡುಬು ಬಂತು ಅಂತ ಆಸ್ಪತ್ರೆ ಸೇರಿದರೆ ಭಿಕಾರಿ ಅಂತ ಲೆಕ್ಕ. ಹೀಗಿದ್ದರೆ ಯಾರು ಬರುತ್ತಾರೆ, ಮನೆಯಲ್ಲೇ ಬಚ್ಚಿಡುತ್ತಾರೆ. 1883ರ ಕಾನೂನು ಈ ಕಳಂಕ ತೆಗೆಯಿತು, ಅಂಟುರೋಗದ ಆಸ್ಪತ್ರೆ ಸೇರಿದರೆ ಯಾವ ಹಕ್ಕೂ ಹೋಗುವುದಿಲ್ಲ ಅಂತ ಆಯಿತು. 1889ರಲ್ಲಿ ಲಂಡನ್‌ನಲ್ಲಿ ಸಿಡುಬು ಕಂಡ ಡಾಕ್ಟರು ತಿಳಿಸಲೇಬೇಕು ಅಂತಾಯಿತು. 1891ರಲ್ಲಿ ಬಡವರಲ್ಲದವರಿಗೂ ಮಂಡಳಿಯ ಆಸ್ಪತ್ರೆ ಪುಕ್ಕಟೆ ತೆರೆಯಿತು. ಬಡವರಿಗೆ ಮಾತ್ರ ಅಂತ ಶುರುವಾದದ್ದು ಎಲ್ಲರಿಗೂ ಉಚಿತ ಆದದ್ದು ಅಂಟುರೋಗದ ಆಸ್ಪತ್ರೆಗಳಲ್ಲಿ, ಬ್ರಿಟನ್‌ನ ರಾಷ್ಟ್ರೀಯ ಆರೋಗ್ಯ ಸೇವೆ ಬರುವುದಕ್ಕೆ ಅರ್ಧ ಶತಮಾನಕ್ಕೂ ಮೊದಲು. ಇದನ್ನು ಜನ ಮರೆತೇಬಿಟ್ಟಿದ್ದಾರೆ.

ಹಡಗಿನೊಳಗೆ ಸಿಡುಬಿಗೆ ಮದ್ದು ಏನಿತ್ತು ಅಂದರೆ, ಇರಲಿಲ್ಲ. ರೋಗ ಜಗತ್ತಿನಿಂದ ತೊಲಗುವವರೆಗೂ ಬರಲಿಲ್ಲ. ದೇವಿ, ಅಂದರೆ ಸಿಡುಬಿನ ಲಸಿಕೆ, ಹಾಕಿಸಿಕೊಳ್ಳದವರಲ್ಲಿ ಹತ್ತರಲ್ಲಿ ಮೂರು ಜನ ಸಾಯುತ್ತಿದ್ದ ರೋಗ ಅದು. ನೀರು, ಹಾಲು, ಸಾರು ಕುಡಿಸುವುದು, ಕಣ್ಣು ಬಾಯಿ ಶುಚಿ ಇಡುವುದು, ಕೆರೆದುಕೊಳ್ಳದ ಹಾಗೆ ನೋಡಿಕೊಳ್ಳುವುದು, ಹಕ್ಕಳೆ ಪೂರ್ತಿ ಉದುರುವವರೆಗೆ ವಾರಗಟ್ಟಲೆ ಕಾಯುವುದು. ಎಲ್ಲಾ ಕೆಲಸ ನರ್ಸುಗಳದ್ದು. ಕೆಲಸಕ್ಕೆ ಸೇರುವ ಮೊದಲೇ ಅವರಿಗೆ ಮತ್ತೊಮ್ಮೆ ದೇವಿ ಹಾಕಿಸುವುದು ಕಡ್ಡಾಯ. ದಿನವಿಡೀ ಸಿಡುಬಿನ ಮಧ್ಯೆಯೇ ಇದ್ದರೂ ಹಾಗೆ ಹಾಕಿಸಿಕೊಂಡವರಿಗೆ ರೋಗ ಅಂಟುತ್ತಿದ್ದದ್ದು ತೀರಾ ಅಪರೂಪ. ದೇವಿ ಹಾಕುವುದನ್ನು ವಿರೋಧಿಸುವ ಚಳವಳಿ ಇಂಗ್ಲೆಂಡಿನಲ್ಲಿ ಜೋರಾಗಿದ್ದ ಕಾಲ ಅದು. ಅದಕ್ಕೆ ಈ ನರ್ಸುಗಳೇ ಉತ್ತರ ಅಂತ ಡಾಕ್ಟರುಗಳು ಮತ್ತೆ ಮತ್ತೆ ತೋರಿಸಿದರು.

ಇಟ್ಟಿಗೆಯ ಆಸ್ಪತ್ರೆ ಬಂದದ್ದು ತಡವಾಗಿ

1890ರ ದಶಕದಲ್ಲೇ ಹಡಗುಗಳು ಹಳೆಯದಾಗಿದ್ದವು. ಮಂಡಳಿ ಪಕ್ಕದ ದಡದಲ್ಲಿ ಜಾಯ್ಸ್ ಗ್ರೀನ್ ಎಂಬ ಜಮೀನು ಕೊಂಡು ದೊಡ್ಡ ಆಸ್ಪತ್ರೆಗೆ ಯೋಜನೆ ಹಾಕಿತು. ಕಟ್ಟಡ ಏಳುವಷ್ಟರಲ್ಲಿ 1901ರಲ್ಲಿ ಸಿಡುಬು ಬಂದೇಬಿಟ್ಟಿತು. 1901-02ರಲ್ಲಿ ಲಂಡನ್‌ನಲ್ಲಿ 9,000ಕ್ಕೂ ಹೆಚ್ಚು ಜನರಿಗೆ ರೋಗ ತಗುಲಿತು. ಹಡಗುಗಳು ಎಲ್ಲಿ ಸಾಕಾಗಬೇಕು. ದಡದ ಮೇಲೆ ಅವಸರದಲ್ಲಿ ಎರಡು ತಾತ್ಕಾಲಿಕ ಆಸ್ಪತ್ರೆ ಎಬ್ಬಿಸಿದರು. 300 ಹಾಸಿಗೆಯ ಲಾಂಗ್ ರೀಚ್, 800 ಹಾಸಿಗೆಯ ಆರ್ಚರ್ಡ್. ದಕ್ಕೆಯಿಂದ ವಾರ್ಡುಗಳಿಗೆ ಹಳಿ ಹಾಕಿ, ಕುದುರೆ ಎಳೆಯುವ ಟ್ರಾಮ್‌ಗಳಲ್ಲಿ ರೋಗಿಗಳನ್ನು ಮಲಗಿಸಿಕೊಂಡು ಹೋಗುತ್ತಿದ್ದರು.

ಜಾಯ್ಸ್ ಗ್ರೀನ್ ತೆರೆದದ್ದು 1903ರ ಕೊನೆಗೆ. 900ಕ್ಕೂ ಹೆಚ್ಚು ಹಾಸಿಗೆ, ಗಟ್ಟಿ ಇಟ್ಟಿಗೆ ಕಟ್ಟಡ, ಬಿಸಿಲು ಬೀಳುವ ಹಾಗೆ ತಿರುಗಿಸಿದ ವಾರ್ಡುಗಳು. ಅಷ್ಟರಲ್ಲಿ ಸಿಡುಬು ಇಳಿದುಹೋಗಿತ್ತು. ಅಂಥ ಅಲೆ ಲಂಡನ್‌ಗೆ ಮತ್ತೆ ಬರಲೇ ಇಲ್ಲ. 1904ರಲ್ಲಿ ಮೂರೂ ಹಡಗುಗಳನ್ನು ಹರಾಜು ಹಾಕಿದರು. ಇದನ್ನು ದಂಡದ ಖರ್ಚು ಅಂತ ಕೆಲವರು ಬರೆಯುತ್ತಾರೆ. ನಾನು ಒಪ್ಪುವುದಿಲ್ಲ. ಅಲೆ ಬಂದಾಗ ಕಟ್ಟಲು ಶುರು ಮಾಡಿದರೆ ಯಾವತ್ತೂ ತಡವೇ, ಹಿಂದಿನ ಮೂವತ್ತು ವರ್ಷದಲ್ಲಿ ಪ್ರತಿ ಸಲ ಆದದ್ದೂ ಅದೇ. ಖಾಲಿ ಹಾಸಿಗೆ ಇಟ್ಟುಕೊಂಡು ಕಾಯುವುದೂ ಅಂಟುರೋಗದ ಆಸ್ಪತ್ರೆಯ ಕೆಲಸವೇ.

ಕಟ್ಟಡ ಸುಮ್ನೆ ಬಿದ್ದಿರಲೂ ಇಲ್ಲ. ಸ್ಕಾರ್ಲೆಟ್ ಜ್ವರ, ಗಂಟಲಮಾರಿಯ ಮಕ್ಕಳು ಅಲ್ಲಿ ತುಂಬಿಕೊಂಡರು. ಮೊದಲ ಮಹಾಯುದ್ಧದಲ್ಲಿ ಆರ್ಚರ್ಡ್ ಆಸ್ಪತ್ರೆಯಲ್ಲಿ ಆಸ್ಟ್ರೇಲಿಯಾದ ಗಾಯಾಳು ಸೈನಿಕರು ಇದ್ದರು. 1920ರ ದಶಕದ ಕೊನೆಯಲ್ಲಿ ಸಿಡುಬಿನ ಸೌಮ್ಯ ರೂಪವೊಂದು ಲಂಡನ್‌ನಲ್ಲಿ ಹರಡಿತು. ಸಾವಿರಾರು ಜನರಿಗೆ ಬಂತು, ಸತ್ತವರು ತೀರಾ ಕಡಿಮೆ. 1930ರಲ್ಲಿ ಮಂಡಳಿಯೇ ಇಲ್ಲವಾಗಿ ಆಸ್ಪತ್ರೆಗಳು ಲಂಡನ್ ಕೌಂಟಿ ಕೌನ್ಸಿಲ್‌ಗೆ ಹೋದವು. ಮೋಟಾರ್ ಆಂಬುಲೆನ್ಸ್ ಬಂದ ಮೇಲೆ ನದಿಯ ಸ್ಟೀಮರುಗಳಿಗೆ ಕೆಲಸ ಉಳಿಯಲಿಲ್ಲ. 1948ರಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಬಂತು. ಜಾಯ್ಸ್ ಗ್ರೀನ್ ಸುತ್ತಮುತ್ತಲಿನವರಿಗೆ ಸಾಮಾನ್ಯ ಆಸ್ಪತ್ರೆಯಾಯಿತು. ಅಲ್ಲೇ ಹೆರಿಗೆ, ಅಲ್ಲೇ ಆಪರೇಷನ್.

ಲಾಂಗ್ ರೀಚ್‌ನ ತಾತ್ಕಾಲಿಕ ಕಟ್ಟಡಗಳನ್ನು ಮಾತ್ರ ವಿಮಾನದಲ್ಲಿ ಸಿಡುಬು ಬಂದರೆ ಇರಲಿ ಅಂತ 1970ರ ದಶಕದವರೆಗೆ ಸಿದ್ಧವಾಗಿ ಇಟ್ಟುಕೊಂಡಿದ್ದರು. 1977ರಲ್ಲಿ ಸೊಮಾಲಿಯಾದಲ್ಲಿ ಸಹಜವಾಗಿ ಅಂಟಿದ ಕೊನೆಯ ಸಿಡುಬು ಕಂಡಿತು, 1980ರಲ್ಲಿ ರೋಗವೇ ಹೋಯಿತು ಅಂತ ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. 2000ದಲ್ಲಿ ಡಾರೆಂಟ್ ವ್ಯಾಲಿ ಎಂಬ ಹೊಸ ಆಸ್ಪತ್ರೆ ತೆರೆದಾಗ ಜಾಯ್ಸ್ ಗ್ರೀನ್ ಮುಚ್ಚಿತು. ಆಮೇಲೆ ಕಟ್ಟಡಗಳನ್ನು ಕೆಡವಿ, ಆ ಜಾಗದಲ್ಲಿ ಮನೆಗಳನ್ನು ಕಟ್ಟಿದರು.